ಹದಿನೆಂಟು ಮೊಳದ ಸೀರೆಯೂ ಗೆಳತಿಯ ರಿಸೆಪ್ಷನ್ನೂ

ಪ್ರಶ್ನೆ: ಸೇವಾ ಸಂಸ್ಥೆಯೊಂದು ದಾನಕ್ಕೆ ಬಂದ ಹಳೆ ಬಟ್ಟೆ ಮಾರುತ್ತಿತ್ತು. ಅಲ್ಲಿ 250 ರೂಪಾಯಿಗೆ ಹಸಿರು ಇಳಕಲ್ ಸೀರೆ, 150ಕ್ಕೆ ಕಪ್ಪು ಬ್ಲೇಜರ್ ತಂದೆ. ಮುಂದಿನ ತಿಂಗಳು ಧಾರವಾಡದಲ್ಲಿ ಗೆಳತಿಯ ರಿಸೆಪ್ಷನ್. ಸೀರೆ ವಿಪರೀತ ಉದ್ದ, ಒಂದು ಕಡೆ ಹರಿದಿದೆ, ಡಾಂಬರು ಗುಳಿಗೆ ವಾಸನೆ ಬೇರೆ. ಸೀರೆ ಮೇಲೆ ಬ್ಲೇಜರ್ ಹಾಕಬಹುದೇ? ಅತ್ತೆ "ಯಾರು ಉಟ್ಟ ಸೀರಿನೋ ಏನೋ" ಅಂತಾರೆ.
(ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಅತ್ತೆಯವರಿಗೆ ಹಳೆ ಸೀರೆ ಜೋಡಿಸಿ ಹೊಲಿದ ಮನೆಯ ಕೌದಿ ತೋರಿಸಿ. ಅದರಲ್ಲಿ ಯಾರ ಯಾರ ಸೀರೆ ಇದೆ ಅಂತ ಯಾರಾದರೂ ಕೇಳಿದ್ದಾರಾ?

ಸೀರೆ ವಿಪರೀತ ಉದ್ದ ಅಂದಿರಲ್ಲ, ಅಲ್ಲೇ ನಿಮ್ಮ ಅದೃಷ್ಟ ಇದೆ. ಅದು ಹಿರಿಯರು ಕಚ್ಚೆ ಹಾಕಿ ಉಡುತ್ತಿದ್ದ ಹದಿನೆಂಟು ಮೊಳದ ಸೀರೆ ಇರಬೇಕು. ಅಂದರೆ 9 ಗಜ, ಸುಮಾರು 8.2 ಮೀಟರ್. ನಿಮಗೆ ಬೇಕಿರೋದು ಐದೂವರೆ ಮೀಟರ್. ಹತ್ತಿರ ಹತ್ತಿರ 2.7 ಮೀಟರ್ ಬಟ್ಟೆ ಉಳಿಯುತ್ತದೆ.

ಸೆರಗಿನ ತುದಿಯಿಂದ ಅಳೆಯುತ್ತಾ ಬನ್ನಿ. ಹರಿದದ್ದು ಐದೂವರೆ ಮೀಟರ್ ದಾಟಿದ ಮೇಲಿದ್ದರೆ ಕತ್ತರಿಸಿ ಬಿಡಿ, ಚಿಂತೆಯೇ ಇಲ್ಲ. ನಾಲ್ಕೂವರೆ ಮೀಟರಿನ ಆಸುಪಾಸಿನಲ್ಲಿದ್ದರೂ ಪರವಾಗಿಲ್ಲ. ಅಲ್ಲಿಗೇ ಕತ್ತರಿಸಿ, ಉಳಿದ ಬಟ್ಟೆಯ ಒಂದು ಮೀಟರ್ ಜೋಡಿಸಿ. ಆ ಹೊಲಿಗೆ ಮೊದಲ ಸುತ್ತಿನಲ್ಲಿ ಒಳಗೆ ಹೋಗುತ್ತದೆ, ಯಾರಿಗೂ ಕಾಣಲ್ಲ. ಅದಕ್ಕಿಂತ ಸೆರಗಿನ ಕಡೆ ಹರಿದಿದ್ದರೆ ಮಾತ್ರ ರಫೂ ಮಾಡುವವರಿಗೆ ಕೊಡಿ. ತೂತಿನ ಮೇಲೆ ಕಸೂತಿ ಹಾಕಿ ಮುಚ್ಚಿ ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡಿ. ಕಸೂತಿಯ ಗವಂತಿ, ಮುರ್ಗಿ ಎಲ್ಲ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ತೂತಿನಲ್ಲಿ ಎಳೆಯೇ ಇಲ್ಲದಿದ್ದರೆ ಏನನ್ನು ಎಣಿಸ್ತೀರಿ?

ಕತ್ತರಿ ಹಿಡಿಯುವ ಮೊದಲು ಒಂದು ಕೆಲಸ ಇದೆ. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೈಗೂ ಸೆರಗಿಗೂ ಸೇರುವ ಜಾಗ ನೋಡಿ. ಇಳಕಲ್‌ನಲ್ಲಿ ಅಲ್ಲಿ ಹೊಲಿಗೆ ಇರಲ್ಲ. ಮೈಯ ಹಾಸಿನ (ಉದ್ದುದ್ದ ಹೋಗುವ) ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಗೆರೆ ಗಟ್ಟಿ ಇದ್ದರೆ ಸೀರೆಗೆ ಇನ್ನೂ ಆಯುಷ್ಯ ಇದೆ. ಆಮೇಲೆ ಸೆರಗಿನ ಮಡಿಕೆಗಳನ್ನು ಬಿಡಿಸಿ ನೋಡಿ. ಎಷ್ಟೋ ವರ್ಷ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಮಡಿಕೆಯುದ್ದಕ್ಕೂ ಸೀಳುತ್ತದೆ. ಅಂಥದ್ದನ್ನು ಪಿನ್ ಹಾಕಿ ಎಳೆದರೆ ರಿಸೆಪ್ಷನ್ ಮಧ್ಯೆಯೇ ಕೈಕೊಡುತ್ತದೆ.

ವಾಸನೆಗೆ ಸೆಂಟ್ ಹೊಡೆಯಬೇಡಿ, ಎರಡೂ ಸೇರಿ ಇನ್ನೂ ಕೆಡುತ್ತದೆ. ನೆರಳಲ್ಲಿ ಗಾಳಿಗೆ ನಾಲ್ಕೈದು ದಿನ ಹರವಿ. ತೊಳೆಯುವ ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಕೆಂಪು ಸೆರಗಿನ ಮೂಲೆಗೆ ಒತ್ತಿ ಹಿಡಿಯಿರಿ. ಕೆಂಪಾಯಿತೋ, ಡ್ರೈಕ್ಲೀನಿಂಗಿಗೆ ಕೊಡಿ. ನಾನು ಒಮ್ಮೆ ಅವಸರ ಮಾಡಿ ಸೀದಾ ಬಕೆಟ್ಟಿಗೆ ಹಾಕಿದ್ದೆ. ಬಿಳಿ ಮೈ ಸೀರೆ ಕುಂಕುಮ ಚೆಲ್ಲಿದ ಹಾಗಾಗಿತ್ತು.

ಇನ್ನು ಬ್ಲೇಜರ್. ಸೀರೆ ಮೇಲೆ ಹಾಕಬೇಡಿ. ಸೆರಗೇ ಮುಚ್ಚಿಹೋದರೆ ಇಳಕಲ್ ಉಟ್ಟು ಏನು ಬಂತು? ಜಂಪರ್ (ರವಿಕೆ) ಬದಲು ಬ್ಲೇಜರ್ ಹಾಕಿ, ಸೆರಗನ್ನು ಅದರ ಮೇಲೆ ತನ್ನಿ. ಆದರೆ ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯ ತುದಿಗೇ ಕೂರಬೇಕು. ತೋಳು, ಸೊಂಟ ಟೇಲರ್ ಸರಿಮಾಡುತ್ತಾರೆ. ಭುಜ ಬಿಚ್ಚಿ ಕೂರಿಸೋದು ಬ್ಲೇಜರಿನ ಬೆಲೆಗಿಂತ ದುಬಾರಿ. ಜೋತುಬಿದ್ದರೆ ಅದನ್ನು ಚಳಿಗಾಲದ ಆಫೀಸಿಗೆ ಇಟ್ಟುಕೊಳ್ಳಿ. ದುರ್ಗದಬೈಲಿನ ಕಡೆ ಹೋಗಿ ಒಂದು ಗುಳೇದಗುಡ್ಡ ಖಣ ತಂದು ಜಂಪರ್ ಹೊಲಿಸಿ. ಇದೊಂದು ಹೊಸದಾಗಿರಲಿ. ಹಳೆ ಜಂಪರಿನಲ್ಲಿ ಮೊದಲು ಸೋಲೋದು ಕಂಕುಳು, ಅಲ್ಲಿ ಬೆವರಿಗೆ ಎಳೆ ಸತ್ತಿರುತ್ತದೆ.

ಉಳಿದ ಹಸಿರು ಬಟ್ಟೆಯಲ್ಲಿ ದಡಿ ಕಾಣುವಂತೆ ಒಂದು ದಾರ ಎಳೆಯುವ ಚೀಲ ಮಾಡಿಸಿ, ಮೊಬೈಲ್ ಹಿಡಿಸುವಷ್ಟು. ಫಾಲ್ ಮಾತ್ರ ಎಲ್ಲಕ್ಕಿಂತ ಕೊನೆಗೆ, ಸೀರೆ ತೊಳೆದು ಒಣಗಿದ ಮೇಲೆ ಹಚ್ಚಿಸಿ. ಫಾಲ್ ಬಟ್ಟೆಯನ್ನೂ ಒಮ್ಮೆ ನೀರಿಗೆ ಹಾಕಿ ತೆಗೆದಿರಿ, ಇಲ್ಲದಿದ್ದರೆ ಮುಂದಿನ ಸಲ ತೊಳೆದಾಗ ಅದು ಕುಗ್ಗಿ ದಡಿ ಸುಕ್ಕಾಗುತ್ತದೆ.