ಏಳು ತಿಂಗಳ ಮಗುವಿಗೆ ಪುಸ್ತಕ
ಪ್ರಶ್ನೆ: ನಮ್ಮ ಮಗಳಿಗೆ ಏಳು ತಿಂಗಳು. ಪುಸ್ತಕ ಕೊಟ್ಟರೆ ಬಾಯಿಗೆ ಹಾಕಿಕೊಳ್ಳುತ್ತಾಳೆ, ಹಾಳೆ ಹರಿಯುತ್ತಾಳೆ. ಇಷ್ಟು ಬೇಗ ಓದಿ ಹೇಳಬೇಕೇ?

ಉತ್ತರ: ಖಂಡಿತ ಹೇಳಿ. ಈ ವಯಸ್ಸಿನ ಮಗು ವಸ್ತುಗಳನ್ನು ಬಾಯಿಯಿಂದಲೂ ಅರಿಯುವುದರಿಂದ, ಗದರಿಸುವ ಬದಲು ಬಟ್ಟೆಯ ಅಥವಾ ದಪ್ಪ ರಟ್ಟಿನ ಪುಸ್ತಕ ಕೊಡುವುದು ಮೇಲು. ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಕಣ್ಣು ನಿಂತ ಚಿತ್ರವನ್ನೇ ತೋರಿಸುತ್ತ, ‘ಇದು ಹಸು, ಅಂಬಾ ಅನ್ನುತ್ತದೆ’ ಎಂದು ನಿಮ್ಮ ಮನೆಮಾತಿನಲ್ಲಿಯೇ ಹೇಳಿ, ಅವಳು ದನಿ ಹೊರಡಿಸಲೆಂದು ಕ್ಷಣಕಾಲ ಕಾಯಿರಿ. ಹಾಗೆ ಕಾಯುವುದು ಓದುವುದಕ್ಕಿಂತಲೂ ಮುಖ್ಯವೆಂದು ನಾನು ನಂಬಿದ್ದೇನೆ. ಮುಖ ತಿರುಗಿಸಿದರೆ ಅಲ್ಲಿಗೇ ನಿಲ್ಲಿಸಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಶೈಶವದಿಂದಲೇ ಗಟ್ಟಿಯಾಗಿ ಓದಿ ಹೇಳುವಂತೆ 2014ರಲ್ಲಿ ಸಲಹೆ ನೀಡಿತು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ದೊರೆಯುತ್ತವೆ. ಮೊಬೈಲಿನಲ್ಲಿ ತೋರಿಸದೆ, ಮುದ್ರಿಸಿಕೊಂಡು ಓದಿ ಹೇಳಿ.