ಓದುಗರ ಪ್ರಶ್ನೆ: ಈ ಕುಲಾವಿಗೆ ಹೊಲಿಗೆ ಬಹಳ

ಪ್ರಶ್ನೆ: ಕ್ವಾಂಟಮ್ ಕಂಪ್ಯೂಟರಿಗೂ ಜಗ್ಗದ ಬ್ಲಾಕ್‌ಚೈನ್ ಎನ್ನುವ ಕ್ಯುಆರ್‌ಎಲ್‌ನ ಒಂದಿಷ್ಟು ನಾಣ್ಯ ನನ್ನಲ್ಲಿದೆ. ಅವರ ವರದಿ ಬಂದಾಗಲೆಲ್ಲ ವಾಲೆಟ್ ಸುಧಾರಿಸಿತು, ಪ್ರಯೋಗದ ಜಾಲವಾದ ಟೆಸ್ಟ್‌ನೆಟ್ ಮುಂದಕ್ಕೆ ಹೋಯಿತು, ಕಂಪೈಲರ್‌ನಲ್ಲಿ ತಿದ್ದುಪಡಿ ಆಯಿತು ಎಂದೇ ಇರುತ್ತದೆ. ನಾಣ್ಯ ಕಳಿಸಿದ್ದು ಒಡೆಯರೇ ಎಂದು ಸಾಬೀತು ಮಾಡುವ ಡಿಜಿಟಲ್ ಸಹಿಯ ಗಣಿತ ಗಟ್ಟಿಯಾಗಿದ್ದರೆ ಇಷ್ಟೆಲ್ಲ ಕೆಲಸ ಯಾಕೆ ಬಾಕಿ ಇದೆ? ಬಿಟ್‌ಕಾಯಿನ್ ಮುರಿಯುವ ಯಂತ್ರವೇ ಇನ್ನೂ ಹುಟ್ಟಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಆಗಲಿಲ್ಲವೆ?

ಉತ್ತರ: ಆಯಿತು. ಆದರೆ ಈ ಕುಲಾವಿಗೆ ಬಟ್ಟೆ ಆರಿಸುವುದಕ್ಕೇ ಎಂಟು ವರ್ಷ ಹಿಡಿಯಿತು ಎನ್ನುವುದು ಗೊತ್ತಿರಲಿ. ಈಗಿನ ಸಹಿಗಳನ್ನು ಕ್ವಾಂಟಮ್ ಯಂತ್ರ ಮುರಿಯಬಲ್ಲದು ಎಂದು ಗಣಿತಜ್ಞ ಪೀಟರ್ ಶೋರ್ ತೋರಿಸಿದ್ದು 1994ರಲ್ಲಿ. ಬದಲಿ ಕೊಡಿ ಎಂದು ಮಾನದಂಡಗಳನ್ನು ರೂಪಿಸುವ ಅಮೆರಿಕದ ನಿಸ್ಟ್ ಸಂಸ್ಥೆ ಜಗತ್ತಿನ ಗಣಿತಜ್ಞರನ್ನು ಕೇಳಿದ್ದು 2016ರಲ್ಲಿ, ಮೊದಲ ಮೂರು ಮಾನದಂಡಗಳು ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಕೊನೆಯ ಸುತ್ತುಗಳವರೆಗೂ ಬಂದಿದ್ದ ರೇನ್‌ಬೋ ಎಂಬ ಸಹಿಯನ್ನು 2022ರಲ್ಲಿ ಒಬ್ಬ ಸಂಶೋಧಕ ಒಂದು ವಾರಾಂತ್ಯದಲ್ಲಿ, ಒಂದು ಲ್ಯಾಪ್‌ಟಾಪಿನಲ್ಲಿ ಮುರಿದು ಕೂತರು. ಅದೇ ವರ್ಷ ಸೈಕ್ ಎಂಬ ಇನ್ನೊಂದು ವಿಧಾನ ಒಂದೇ ಪ್ರೊಸೆಸರ್ ಕೋರ್ ಮುಂದೆ ಸುಮಾರು ಒಂದು ಗಂಟೆ ನಿಂತಿತು, ಅಷ್ಟೆ. ಇವಕ್ಕೆ ಕ್ವಾಂಟಮ್ ಯಂತ್ರವೇ ಬೇಕಾಗಲಿಲ್ಲ. ಹಾಗಾಗಿ ಯಾವುದಾದರೂ ನಾಣ್ಯದ ಹಣೆಯ ಮೇಲೆ ‘ಕ್ವಾಂಟಮ್ ನಿರೋಧಕ’ ಎಂಬ ಚೀಟಿ ಕಂಡರೆ ನಾನು ಮೊದಲು ಕೇಳುವುದು ಒಂದೇ: ಯಾವ ಸಹಿ?

ಕ್ಯುಆರ್‌ಎಲ್ ಈ ಪ್ರಶ್ನೆಗೆ ಮೊದಲಿನಿಂದಲೂ ನೇರ ಉತ್ತರ ಕೊಟ್ಟಿದೆ. 2018ರ ಜೂನ್‌ನಲ್ಲಿ ಅದರ ಮುಖ್ಯ ಜಾಲ ಶುರುವಾದಾಗ ಆರಿಸಿಕೊಂಡದ್ದು ಎಕ್ಸ್‌ಎಂಎಸ್‌ಎಸ್; ಹ್ಯಾಶ್ ಫಂಕ್ಷನ್ ಎಂಬ, ಹಿಂದಕ್ಕೆ ತಿರುಗಿಸಲಾಗದ ಲೆಕ್ಕವೊಂದನ್ನೇ ನಂಬಿದ ಸಹಿ. ಇದರಷ್ಟು ಭದ್ರವಾದ ತಳಪಾಯ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ತೊಂದರೆ ಇರುವುದು ತಳಪಾಯದಲ್ಲಲ್ಲ, ಬಾಗಿಲಲ್ಲಿ. ಒಂದು ವಿಳಾಸಕ್ಕೆ ಇಂತಿಷ್ಟೇ ಸಹಿ ಎಂದು ಮೊದಲೇ ಗೊತ್ತಾಗಿರುತ್ತದೆ. ಸಹಿಯ ಗುಟ್ಟಿನ ಕೀಗಳನ್ನು ಹಂತಹಂತಕ್ಕೂ ಎರಡಾಗಿ ಕವಲೊಡೆಯುವ ಮರದಂತೆ ಜೋಡಿಸಿರುತ್ತಾರೆ; ಆ ಮರದ ಎತ್ತರ 10 ಇದ್ದರೆ 1,024 ಸಹಿ. ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ, ಒಮ್ಮೆ ಬಳಸಿದ್ದನ್ನು ಮತ್ತೆ ಮುಟ್ಟುವಂತಿಲ್ಲ.

ಯಾಕೆ ಮುಟ್ಟಬಾರದು? ಒಂದೇ ದಿಕ್ಕಿಗೆ ಇಳಿಯಬಲ್ಲ ಹಲವು ಮೆಟ್ಟಿಲ ಸಾಲುಗಳನ್ನು ಊಹಿಸಿಕೊಳ್ಳಿ. ಸಹಿ ಹಾಕುವುದೆಂದರೆ ಪ್ರತಿ ಸಾಲಿನಲ್ಲೂ ಸಂದೇಶ ಹೇಳಿದ ಒಂದು ಮೆಟ್ಟಿಲನ್ನು ತೋರಿಸುವುದು. ನೋಡಿದವರು ಅಲ್ಲಿಂದ ಕೆಳಗಿಳಿಯಬಲ್ಲರು, ಮೇಲೆ ಹತ್ತಲಾರರು. ಸಂದೇಶವನ್ನು ತಿದ್ದಿದರೆ ಯಾವುದಾದರೂ ಒಂದು ಸಾಲಿನಲ್ಲಿ ಹತ್ತಲೇಬೇಕಾಗುವಂತೆ ಲೆಕ್ಕ ಕಟ್ಟಿರುತ್ತಾರೆ. ಅದೇ ಕೀಯಿಂದ ಎರಡನೆಯ ಸಂದೇಶಕ್ಕೂ ಸಹಿ ಹಾಕಿದಿರೋ, ಕೆಲವು ಸಾಲುಗಳಲ್ಲಿ ಇನ್ನೂ ಮೇಲಿನ ಮೆಟ್ಟಿಲು ಬಯಲಾಯಿತು. ಎರಡನ್ನೂ ಬೆರೆಸಿ ನಿಮ್ಮ ಹೆಸರಲ್ಲಿ ಮೂರನೆಯದನ್ನು ಹೊಸೆಯಲು ಕಳ್ಳನಿಗೆ ದಾರಿ ಸಿಕ್ಕಿತು.

ನಾನು ಇದನ್ನು ಓದಿ ತಿಳಿದಿದ್ದೆ, ಆದರೂ ಎಡವಿದೆ. ಎರಡು ಕಂಪ್ಯೂಟರುಗಳಲ್ಲಿ ಒಂದೇ ವಾಲೆಟ್ ತೆರೆದಿಟ್ಟುಕೊಂಡು ಪ್ರಯೋಗ ಮಾಡುತ್ತಿದ್ದೆ. ಕಳಿಸುವ ಪುಟದಲ್ಲಿ ಮೊತ್ತ, ವಿಳಾಸಗಳ ಜೊತೆ ‘ಓಟಿಎಸ್ ಕೀ ಕ್ರಮಸಂಖ್ಯೆ’, ಅಂದರೆ ಒಮ್ಮೆ ಮಾತ್ರ ಬಳಸುವ ಕೀಯ ಸಂಖ್ಯೆ, ಎಂಬ ಖಾನೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಂತೆ 41 ಎಂದು ತುಂಬಿದೆ. ಹಿಂದಿನ ರಾತ್ರಿ ಇನ್ನೊಂದು ಕಂಪ್ಯೂಟರಿನಿಂದ 41 ಬಳಸಿ, ಬರೆಯಲು ಮರೆತಿದ್ದೆ. ಜಾಲ ವ್ಯವಹಾರವನ್ನು ತಿರಸ್ಕರಿಸಿತು. ಬಳಸಿದ ಸಂಖ್ಯೆಗಳ ಲೆಕ್ಕವನ್ನು ಚೈನ್‌ನಲ್ಲೇ ಇಡುವಂತೆ ಕಟ್ಟಿದ್ದರಿಂದ ದುಡ್ಡು ತಪ್ಪಾಗಿ ಹೋಗಲಿಲ್ಲ, ಆದರೆ 41ರ ಎರಡನೆಯ ಸಹಿ ನನ್ನ ಕೈ ಬಿಟ್ಟು ಹೋಗಿಯಾಗಿತ್ತು. ಆ ವಿಳಾಸವನ್ನು ಅವತ್ತೇ ಖಾಲಿ ಮಾಡಿದೆ. ಗಣಿತ ಎಳ್ಳಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ನೋಟ್‌ಬುಕ್ಕು.

‘ವಾಲೆಟ್ ಸುಧಾರಿಸಿತು’ ಎಂಬ ಸಾಲನ್ನು ನಾನು ಎಲ್ಲಕ್ಕಿಂತ ಮೊದಲು ಓದುವುದು ಇದಕ್ಕೇ. ಜಾಂಡ್ ಎಂಬ ಹೆಸರಲ್ಲಿ ಶುರುವಾದ ಕ್ಯುಆರ್‌ಎಲ್ 2.0 ನಿಸ್ಟ್ ಒಪ್ಪಿದ ಎಂಎಲ್-ಡಿಎಸ್‌ಎ-87 ಎಂಬ ಸಹಿಗೆ ಹೊರಳಿರುವುದಕ್ಕೂ ಅರ್ಥ ಇಲ್ಲೇ ಇದೆ. ಅದರಲ್ಲಿ ಕ್ರಮಸಂಖ್ಯೆಯ ಗೊಡವೆ ಇಲ್ಲ, ಎಷ್ಟು ಸಲ ಬೇಕಾದರೂ ಸಹಿ ಹಾಕಬಹುದು. ಬೆಲೆ ತೆರುವುದು ಗಾತ್ರದಲ್ಲಿ. ಕ್ಯುಆರ್‌ಎಲ್ 2.0 ಅನುಸರಿಸುವ ಎಥೀರಿಯಮ್ ಎಂಬ ದೊಡ್ಡ ಬ್ಲಾಕ್‌ಚೈನ್‌ನಲ್ಲಿ ವ್ಯವಹಾರದ ಸಹಿ 65 ಬೈಟ್. ಸಹಿಯನ್ನು ಪರೀಕ್ಷಿಸಲು ಬೇಕಾದ ಪಬ್ಲಿಕ್ ಕೀಯನ್ನು ಆ ಸಹಿಯಿಂದಲೇ ಲೆಕ್ಕ ಮಾಡಿ ತೆಗೆಯಬಹುದು. ಇಲ್ಲಿ ಸಹಿ 4,627 ಬೈಟ್, ಕೀಯನ್ನು ಬೇರೆಯಾಗಿ ಕಳಿಸಬೇಕು, ಅದು 2,592 ಬೈಟ್. ಕೂಡಿದರೆ 7,219, ಅಂದರೆ ನೂರಹನ್ನೊಂದು ಪಟ್ಟು. ಈ ಹೊರೆ ಬ್ಲಾಕಿಗೂ ಬೀಳುತ್ತದೆ, ಜಾಲ ನಡೆಸುವ ಕಂಪ್ಯೂಟರುಗಳಾದ ನೋಡ್‌ಗಳ ನಡುವಿನ ಸಂಪರ್ಕಕ್ಕೂ ಡಿಸ್ಕಿಗೂ ಬೀಳುತ್ತದೆ. ಎಥೀರಿಯಮ್‌ನ ನೋಡ್ ತಂತ್ರಾಂಶವನ್ನು ತಂದು ಸಹಿಯ ಜಾಗದಲ್ಲಿ ಹೊಸದನ್ನು ಅಂಟಿಸಿ ಕೈ ತೊಳೆದುಕೊಳ್ಳುವಂತಿಲ್ಲ. ವ್ಯವಹಾರ ನಡೆಸುವ ಗೋ-ಎಥೀರಿಯಮ್‌ನಿಂದ ಜಿಜಾಂಡ್, ಒಮ್ಮತ ಮೂಡಿಸುವ ಪ್ರಿಸ್ಮ್‌ನಿಂದ ಕ್ರಿಸ್ಮ್, ಪ್ರೋಗ್ರಾಂ ಬರೆಯುವ ಭಾಷೆಯಾದ ಸಾಲಿಡಿಟಿಯಿಂದ ಹೈಪೀರಿಯನ್ ಎಂದು ಒಂದೊಂದನ್ನೂ ಕವಲೊಡೆಸಿ ತಿದ್ದುತ್ತಿದ್ದಾರೆ. ನಿಮಗೆ ಬೇಸರ ತರಿಸುವ ಆ ವರದಿಗಳು ಈ ಕೆಲಸದವು.

ಪ್ರಶ್ನೆ: ದೊಡ್ಡ ಜಾಲಗಳು ಸುಮ್ಮನೆ ಕೂತಿವೆಯೆ?

ಉತ್ತರ: ಇಲ್ಲ, ಆದರೆ ಒಂದೊಂದರ ನಡಿಗೆ ಒಂದೊಂದು ಥರ. ಆಲ್ಗೊರ‍್ಯಾಂಡ್ 2022ರಲ್ಲೇ, ಜಾಲದ ಸ್ಥಿತಿಯನ್ನು ಹೊರಗಿನವರಿಗೆ ಸಾಬೀತು ಮಾಡುವ ತನ್ನ ಸ್ಟೇಟ್ ಪ್ರೂಫ್‌ಗಳಿಗೆ ಫಾಲ್ಕನ್ ಎಂಬ ಕ್ವಾಂಟಮ್ ನಿರೋಧಕ ಸಹಿ ಬಳಸಿತು. ಐಯೋಟಾದ್ದು ಹಿಂದು ಹೆಜ್ಜೆ: ಒಮ್ಮೆ ಮಾತ್ರ ಬಳಸುವ ಹ್ಯಾಶ್ ಸಹಿಯಿಂದ ಶುರುಮಾಡಿ, 2021ರಲ್ಲಿ ಎಲ್ಲರೂ ಬಳಸುವ, ಆದರೆ ಕ್ವಾಂಟಮ್ ಯಂತ್ರ ಮುರಿಯಬಲ್ಲ ಸಹಿಯಾದ ಎಡ್25519ಕ್ಕೆ ಬಂದಿತು. ನನ್ನ 41ರ ಕಥೆ ಕೇಳಿದ ಮೇಲೆ ಅವರನ್ನು ಬೈಯಲು ನಿಮಗೂ ಮನಸ್ಸು ಬರಲಿಕ್ಕಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಎಥೀರಿಯಮ್‌ನಲ್ಲಿ ನಡೆಯುತ್ತಿರುವ ಕೆಲಸ. ಬ್ಲಾಕುಗಳನ್ನು ಪರೀಕ್ಷಿಸಿ ಮತ ಹಾಕುವ ಅಲ್ಲಿನ ವ್ಯಾಲಿಡೇಟರುಗಳು ಬಿಎಲ್‌ಎಸ್ ಸಹಿ ಹಾಕುತ್ತಾರೆ. ಸಾವಿರಾರು ಸಹಿಗಳನ್ನು ಹಿಂಡಿ 96 ಬೈಟ್‌ನ ಒಂದೇ ಸಹಿ ಮಾಡಬಹುದು. ಶೋರ್ ವಿಧಾನಕ್ಕೆ ಅದೂ ಉಳಿಯದು. 2025ರಲ್ಲಿ ಎಥೀರಿಯಮ್ ಸಂಶೋಧಕ ಜಸ್ಟಿನ್ ಡ್ರೇಕ್ ಮುಂದಿಟ್ಟ ‘ಲೀನ್ ಎಥೀರಿಯಮ್’ ಯೋಜನೆಯಲ್ಲಿ ಅದರ ಜಾಗಕ್ಕೆ ಬರುವುದು ಎಕ್ಸ್‌ಎಂಎಸ್‌ಎಸ್ ಬಳಗದ್ದೇ ಸಹಿ. ಕ್ರಮಸಂಖ್ಯೆಯ ತಲೆನೋವು? ಬ್ಲಾಕಿಗೊಂದರಂತೆ ಕಾಲವನ್ನು ಕತ್ತರಿಸಿದ ತುಂಡೇ ಸ್ಲಾಟ್. ವ್ಯಾಲಿಡೇಟರ್ ಸಹಿ ಹಾಕುವುದು ಸ್ಲಾಟ್‌ಗೆ ಒಮ್ಮೆ, ಆದ್ದರಿಂದ ಸ್ಲಾಟ್ ಸಂಖ್ಯೆಯೇ ಕ್ರಮಸಂಖ್ಯೆ. ಗಡಿಯಾರವೇ ಲೆಕ್ಕ ಇಡುತ್ತದೆ, ನೋಟ್‌ಬುಕ್ ಬೇಡ. ಓದಿದಾಗ ಇಷ್ಟು ಸುಲಭದ್ದು ನನಗೆ ಹೊಳೆಯಲಿಲ್ಲವಲ್ಲ ಎನಿಸಿತು.

ಬಿಟ್‌ಕಾಯಿನ್‌ನಲ್ಲಿ ಈಗಿರುವ ಟ್ಯಾಪ್‌ರೂಟ್ ಎಂಬ ಬಗೆಯ ವಿಳಾಸದಂತೆಯೇ ಇದ್ದು, ಪಬ್ಲಿಕ್ ಕೀಯನ್ನು ಬಯಲಿಗಿಡದ ಹೊಸ ಬಗೆಯ ವಿಳಾಸಕ್ಕಾಗಿ ಬಿಐಪಿ-360 ಎಂಬ ಪ್ರಸ್ತಾವ ಇದೆ. ಅಲ್ಲಿನ ಗಂಟು ತಂತ್ರದ್ದಲ್ಲ, ಒಮ್ಮತದ್ದು. ಮೊದಲ ವರ್ಷಗಳ ನಾಣ್ಯಗಳ ಪಬ್ಲಿಕ್ ಕೀ ಚೈನ್‌ನಲ್ಲಿ ಬಯಲಾಗಿಯೇ ಬಿದ್ದಿದೆ; ಅದರಿಂದ ಕ್ವಾಂಟಮ್ ಯಂತ್ರ ಗುಟ್ಟಿನ ಕೀಯನ್ನು ಲೆಕ್ಕ ಹಾಕಬಲ್ಲದು. ಒಡೆಯರು ಬಂದು ಅವನ್ನು ಎತ್ತಿಡುವ ಸೂಚನೆ ಇಲ್ಲ. ಅವನ್ನು ಸ್ತಂಭನ ಮಾಡಬೇಕೋ, ಕದ್ದವನ ಪಾಲಿಗೆ ಬಿಡಬೇಕೋ? ಈ ಜಗಳಕ್ಕೆ ಯಾವ ಅಲ್ಗಾರಿದಮ್ಮೂ ಇಲ್ಲ.

ಪ್ರಶ್ನೆ: ಅಪಾಯ ಎಷ್ಟು ಹತ್ತಿರ?

ಉತ್ತರ: ಶೋರ್ ವಿಧಾನಕ್ಕೇ ಬೀಳುವ ಇನ್ನೊಂದು ಬೀಗವಾದ 2048 ಬಿಟ್‌ನ ಆರ್‌ಎಸ್‌ಎ ಮುರಿಯಲು 2 ಕೋಟಿ ಕ್ಯೂಬಿಟ್ (ಕ್ವಾಂಟಮ್ ಯಂತ್ರದ ಬಿಟ್) ಬೇಕೆಂದು 2019ರಲ್ಲಿ ಅಂದಾಜು ಮಾಡಿದವರಲ್ಲಿ ಗೂಗಲ್ ಸಂಶೋಧಕ ಕ್ರೇಗ್ ಗಿಡ್ನಿ ಒಬ್ಬರು. 2025ರಲ್ಲಿ ಅವರೇ ಅದನ್ನು 10 ಲಕ್ಷಕ್ಕಿಂತ ಕೆಳಗಿಳಿಸಿದರು. 2024ರ ಕೊನೆಗೆ ಗೂಗಲ್ ತೋರಿಸಿದ ವಿಲೋ ಚಿಪ್‌ನಲ್ಲಿ ಇದ್ದದ್ದು 105. ಅಂತರ ದೊಡ್ಡದೇ, ಆದರೆ ಎರಡೂ ತುದಿಯಿಂದ ಕಿರಿದಾಗುತ್ತಿದೆ.

ಪ್ರಶ್ನೆ: ನನ್ನ ಹಳೆಯ ಕ್ಯುಆರ್‌ಎಲ್ ವಿಳಾಸದ 1,024 ಸಹಿಗಳಲ್ಲಿ 1,019 ಮುಗಿದಿವೆ. ಏನು ಮಾಡಲಿ?

ಉತ್ತರ: ಈ ಪುಟ ಮಡಚಿಟ್ಟು ಈಗಲೇ ಹೊಸ ವಿಳಾಸ ಮಾಡಿಕೊಳ್ಳಿ. ಸಹಿ ಪೂರ್ತಿ ತೀರಿದರೆ ಒಳಗಿನ ನಾಣ್ಯವನ್ನು ನೀವೂ ಹೊರತೆಗೆಯಲಾರಿರಿ. ಒಂದು ಸಹಿಯಲ್ಲಿ ಚಿಲ್ಲರೆ ಮೊತ್ತ ಕಳಿಸಿ, ತಲುಪಿತೆಂದು ಕಣ್ಣಾರೆ ನೋಡಿ. ಇನ್ನೊಂದರಲ್ಲಿ ಉಳಿದದ್ದೆಲ್ಲ. ಮೂರು ಮಿಗುತ್ತವೆ, ಯಾರಾದರೂ ತಪ್ಪಿ ಹಳೆಯ ವಿಳಾಸಕ್ಕೇ ದುಡ್ಡು ಕಳಿಸಿದರೆ ಬೇಕಾಗುತ್ತವೆ.