ಒಂದೇ ದೇಶ, ಊರಿಗೊಂದು ಆಯಸ್ಸು

ಪ್ರಶ್ನೆ: ಕಳೆದ ವರ್ಷ ನಾನೂ ನಮ್ಮ ಯಜಮಾನರೂ ಆರು ತಿಂಗಳು ಅಮೆರಿಕದಲ್ಲಿದ್ದು ಬಂದೆವು. ಮೊದಲ ಮೂರು ತಿಂಗಳು ಒಕ್ಲಹೋಮ ಸಿಟಿಯಲ್ಲಿ ಮಗಳ ಮನೆ, ಆಮೇಲೆ ಮಿನಿಯಾಪೊಲಿಸ್‌ನಲ್ಲಿ ಮಗನ ಮನೆ. ಮಗಳ ಮನೆಯ ಮಹಡಿ ಕಿಟಕಿಯಿಂದ ದಿನಸಿ ಅಂಗಡಿಯ ಬೋರ್ಡು ಕಾಣುತ್ತಿತ್ತು. ಆದರೆ ನಡುವೆ ಆರು ಸಾಲು ಕಾರು ಓಡುವ ರಸ್ತೆ, ಫುಟ್‌ಪಾತ್ ಇಲ್ಲ, ದಾಟಲು ಹತ್ತಿರದಲ್ಲಿ ಸಿಗ್ನಲ್ ಇಲ್ಲ. ಹಾಲು ಮುಗಿದರೆ ಅಳಿಯ ಕೆಲಸದಿಂದ ಬರುವ ತನಕ ಕಾಯಬೇಕಿತ್ತು. ಮಗನ ಊರಿನಲ್ಲಿ ಅಕ್ಟೋಬರ್ ಚಳಿಯಲ್ಲೂ ನಮ್ಮ ವಯಸ್ಸಿನವರು ಸರೋವರದ ಸುತ್ತ ನಡೆಯುತ್ತಿದ್ದರು. ನಾವೂ ದಿನವೂ ಹೋದೆವು, ಯಜಮಾನರ ಸಕ್ಕರೆಯೂ ಹತೋಟಿಗೆ ಬಂತು. ಒಂದೇ ದೇಶದ ಊರುಗಳಲ್ಲಿ ಇಷ್ಟು ಅಂತರವೇಕೆ? ಕಾರಣ ಹವೆಯೇ, ದುಡ್ಡೇ, ಆಸ್ಪತ್ರೆಗಳೇ, ಜನರ ಅಭ್ಯಾಸವೇ?
— ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ಹವೆಯನ್ನು ಮೊದಲು ಬದಿಗಿಡೋಣ. ಮಿನಿಯಾಪೊಲಿಸ್‌ನಲ್ಲಿ ಜನವರಿಯ ರಾತ್ರಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೆ ಇಳಿಯುವುದು ಅಪರೂಪವಲ್ಲ. ಹಾಗಿದ್ದೂ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಎಂಬ ವೈದ್ಯಕೀಯ ಸಂಘ 100 ದೊಡ್ಡ ನಗರಗಳ ಆರೋಗ್ಯವನ್ನು ತೂಗಿ ನೋಡಿ ಪ್ರಕಟಿಸುವ ಪಟ್ಟಿಯಲ್ಲಿ ಆ ಊರು ವರ್ಷಗಳಿಂದ ಮೇಲಿನ ಸ್ಥಾನಗಳಲ್ಲಿದೆ, ಅದಕ್ಕಿಂತ ಬೆಚ್ಚಗಿರುವ ಒಕ್ಲಹೋಮ ಸಿಟಿ ತೀರಾ ಕೆಳಗಿದೆ.

ದುಡ್ಡನ್ನು ಹಾಗೆ ಸುಲಭವಾಗಿ ಬದಿಗಿಡಲಾಗದು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಸಂಗಡಿಗರು ಅಮೆರಿಕದ ಆದಾಯ ತೆರಿಗೆಯ ದಾಖಲೆಗಳನ್ನು ಮರಣದ ದಾಖಲೆಗಳೊಂದಿಗೆ ಜೋಡಿಸಿ, 2001ರಿಂದ 2014ರವರೆಗಿನ ಲೆಕ್ಕವನ್ನು 2016ರಲ್ಲಿ ಪ್ರಕಟಿಸಿದರು. ಆದಾಯದಲ್ಲಿ ತುತ್ತತುದಿಯ ಶೇ. 1ರಷ್ಟು ಗಂಡಸರು ತಳದ ಶೇ. 1ರಷ್ಟು ಗಂಡಸರಿಗಿಂತ 14.6 ವರ್ಷ ಹೆಚ್ಚು ಬದುಕುತ್ತಾರೆ, ಹೆಂಗಸರಲ್ಲಿ ಈ ಅಂತರ 10.1 ವರ್ಷ ಎಂದು ಅದರಲ್ಲಿ ತಿಳಿದುಬಂತು. ನಿಮ್ಮ ಪ್ರಶ್ನೆಗೆ ಇದಕ್ಕಿಂತಲೂ ಹತ್ತಿರವಾದ ಇನ್ನೊಂದು ಸಂಗತಿ ಅದೇ ಅಧ್ಯಯನದಲ್ಲಿದೆ. ಉಳ್ಳವರು ಯಾವ ಊರಿನಲ್ಲಿದ್ದರೂ ಹೆಚ್ಚುಕಡಿಮೆ ಅಷ್ಟೇ ಕಾಲ ಬದುಕುತ್ತಾರೆ. ಬಡವರ ಆಯಸ್ಸು ಮಾತ್ರ ಊರಿನಿಂದ ಊರಿಗೆ ನಾಲ್ಕೂವರೆ ವರ್ಷದಷ್ಟು ಬದಲಾಗುತ್ತದೆ. ನಲವತ್ತು ದಾಟಿದವರನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಆದಾಯದಲ್ಲಿ ಕೆಳಗಿನ ಕಾಲು ಭಾಗಕ್ಕೆ ಸೇರಿದ ಜನ ನ್ಯೂಯಾರ್ಕ್‌ನಲ್ಲಿ ಸರಾಸರಿ ಸುಮಾರು 82 ವರ್ಷ ಬದುಕುತ್ತಾರೆ, ಇಂಡಿಯಾನಾ ರಾಜ್ಯದ ಗ್ಯಾರಿಯಲ್ಲಿ ಸುಮಾರು 77 ವರ್ಷ. ನಿಮ್ಮ ಮಗಳಿರುವ ಒಕ್ಲಹೋಮ ಸಿಟಿಯೂ ಗ್ಯಾರಿಯ ಸಾಲಿನಲ್ಲೇ ಬರುತ್ತದೆ. ಒಂದು ಊರಿನ ಆರೋಗ್ಯವನ್ನು ಅಳೆಯಬೇಕಾದರೆ ಅಲ್ಲಿನ ಸಾಹುಕಾರರನ್ನು ಬಿಟ್ಟು ಬಡವರು ಎಷ್ಟು ಕಾಲ ಬದುಕುತ್ತಾರೆಂಬುದನ್ನು ನೋಡಬೇಕು ಎಂದು ನಾನು ಗಟ್ಟಿಯಾಗಿ ನಂಬಿರುವುದು ಇದರಿಂದಲೇ.

ಆಸ್ಪತ್ರೆಗಳಿಗೂ ಈ ಅಂತರಕ್ಕೂ ಹೇಳಿಕೊಳ್ಳುವಂಥ ನಂಟು ಆ ಅಧ್ಯಯನದಲ್ಲಿ ಕಾಣಲಿಲ್ಲ. ಬಾಲ್ಟಿಮೋರ್ ನಗರವನ್ನು ನೋಡಿ. 1889ರಲ್ಲಿ ಬಾಗಿಲು ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ, ಲೋಕವೆಲ್ಲ ಗೌರವಿಸುವ ಆಸ್ಪತ್ರೆ, ಅಲ್ಲಿದೆ. ಆದರೆ ಅದೇ ನಗರದ ಬಡ ಬಡಾವಣೆಗಳಿಗೂ ರೋಲಂಡ್ ಪಾರ್ಕ್‌ನಂಥ ಅನುಕೂಲಸ್ಥರ ಬಡಾವಣೆಗೂ ಸರಾಸರಿ ಆಯಸ್ಸಿನಲ್ಲಿ ಸುಮಾರು 20 ವರ್ಷಗಳ ಅಂತರ ದಾಖಲಾಗಿದೆ. ಕಾಯಿಲೆ ಬಂದ ಮೇಲೆ ಆಸ್ಪತ್ರೆ ಜೀವ ಉಳಿಸುತ್ತದೆ, ಅದರ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಐವತ್ತಕ್ಕೇ ಹೃದಯಾಘಾತ ಆಗುವುದೋ ಎಪ್ಪತ್ತೈದಕ್ಕೆ ಆಗುವುದೋ ಎಂಬುದು ಬಹಳ ಮಟ್ಟಿಗೆ ಆಂಬುಲೆನ್ಸ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ತೀರ್ಮಾನವಾಗಿರುತ್ತದೆ.

ಇನ್ನು ಉಳಿದದ್ದು ಅಭ್ಯಾಸ. ಬಡವರ ಆಯಸ್ಸಿನ ಅಂತರಕ್ಕೆ ಎಲ್ಲಕ್ಕಿಂತ ನಿಕಟವಾಗಿ ಹೊಂದಿಕೊಂಡದ್ದು ಧೂಮಪಾನ, ಬೊಜ್ಜು, ವ್ಯಾಯಾಮ. ಇದನ್ನು ಓದಿದ ಕೂಡಲೇ ಹಲವರು ‘ಹಾಗಾದರೆ ಅದು ಅವರವರ ತಪ್ಪು’ ಎಂದುಬಿಡುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಗ್ಯಾರಿಯಲ್ಲಿ ಹುಟ್ಟಿದವನ ಮನೋಬಲ ನ್ಯೂಯಾರ್ಕಿನವನದಕ್ಕಿಂತ ಕಡಿಮೆ ಎನ್ನಲು ಯಾವ ಆಧಾರವೂ ಇಲ್ಲ. ಅಭ್ಯಾಸ ಬೆಳೆಯುವ ನೆಲವನ್ನು ಊರು ಸಿದ್ಧಪಡಿಸಿರುತ್ತದೆ. ನ್ಯೂಯಾರ್ಕ್ ನಗರ 2002ರಲ್ಲಿ ಸಿಗರೇಟಿನ ಪ್ಯಾಕೆಟ್ಟಿನ ಮೇಲಿದ್ದ ತನ್ನ ತೆರಿಗೆಯನ್ನು 8 ಸೆಂಟಿನಿಂದ ಒಂದೂವರೆ ಡಾಲರಿಗೆ ಏರಿಸಿತು. 2003ರ ಮಾರ್ಚ್‌ನಿಂದ ಹೋಟೆಲು, ಬಾರುಗಳ ಒಳಗೆ ಸೇದುವುದನ್ನು ನಿಷೇಧಿಸಿತು. 2006ರಲ್ಲಿ ಹೋಟೆಲುಗಳ ಅಡುಗೆಯಿಂದ ಹೃದಯಕ್ಕೆ ಕೇಡು ಮಾಡುವ ಟ್ರಾನ್ಸ್ ಕೊಬ್ಬನ್ನು ಹೊರಹಾಕುವ ನಿಯಮ ತಂದಿತು. 2002ರಲ್ಲಿ ಆ ನಗರದ ವಯಸ್ಕರಲ್ಲಿ ಶೇ. 21ಕ್ಕೂ ಹೆಚ್ಚು ಮಂದಿ ಸೇದುತ್ತಿದ್ದರು. 2010ರ ಹೊತ್ತಿಗೆ ಆ ಪ್ರಮಾಣ ಶೇ. 14ಕ್ಕೆ ಇಳಿದಿತ್ತು.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೆನ್ನುವವರಿಗೆ ಕೊಲರಾಡೊ ರಾಜ್ಯದ ಪ್ಯೂಬ್ಲೊ ಎಂಬ ಮಧ್ಯಮ ಗಾತ್ರದ ಊರನ್ನು ತೋರಿಸುತ್ತೇನೆ. ಉಕ್ಕಿನ ಕಾರ್ಖಾನೆಯ ಊರು ಅದು. 2003ರ ಜುಲೈನಲ್ಲಿ ನಗರದೊಳಗಿನ ಕಚೇರಿ, ಹೋಟೆಲುಗಳಲ್ಲಿ ಧೂಮಪಾನ ನಿಷೇಧವಾಯಿತು. ಮುಂದಿನ ಮೂರು ವರ್ಷಗಳಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ ನಗರವಾಸಿಗಳ ಪ್ರಮಾಣ ಶೇ. 41ರಷ್ಟು ಇಳಿಯಿತು. ನಿಷೇಧವಿಲ್ಲದ ಪಕ್ಕದ ಪ್ರದೇಶಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅದೇ ಹವೆ, ಅದೇ ಅಂಗಡಿಗಳು, ಹೆಚ್ಚುಕಡಿಮೆ ಅಂಥದೇ ಜನ. ನಗರದ ಗಡಿಯ ಒಳಗೆ ಬದಲಾದದ್ದು ಒಂದು ನಿಯಮ.

ನೀವು ಕಣ್ಣಾರೆ ಕಂಡ ಎರಡು ಊರುಗಳಿಗೆ ಬರೋಣ. ಮಿನಿಯಾಪೊಲಿಸ್‌ನಲ್ಲಿ ನೀವು ಸುತ್ತು ಹಾಕಿದ ದಂಡೆ ಇಂದು ಸಾರ್ವಜನಿಕರ ಕೈಯಲ್ಲಿರುವುದಕ್ಕೆ 1883ರಲ್ಲಿ ಆದ ತೀರ್ಮಾನ ಕಾರಣ. ಆ ವರ್ಷ ಅಲ್ಲಿನ ಜನ ಮತ ಹಾಕಿ ಉದ್ಯಾನಗಳಿಗೇ ಪ್ರತ್ಯೇಕ ಮಂಡಳಿಯೊಂದನ್ನು ಒಪ್ಪಿಕೊಂಡರು. ಹೊರೇಸ್ ಕ್ಲೀವ್‌ಲ್ಯಾಂಡ್ ಎಂಬ ಉದ್ಯಾನ ವಿನ್ಯಾಸಕಾರರು ಊರು ಬೆಳೆದು ನೆಲದ ಬೆಲೆ ಏರುವ ಮುನ್ನವೇ ಜಾಗಗಳನ್ನು ಕಾಯ್ದಿರಿಸಿ ಎಂದು ಒತ್ತಾಯಿಸಿದರು. ಆ ಮಂಡಳಿಯ ಸದಸ್ಯರನ್ನು ಇಂದಿಗೂ ಮತದಾರರೇ ಆರಿಸುತ್ತಾರೆ. ಸರೋವರಗಳನ್ನೂ ನದಿಯ ದಂಡೆಯನ್ನೂ ಜೋಡಿಸುವ ಗ್ರ್ಯಾಂಡ್ ರೌಂಡ್ಸ್ ಎಂಬ ಹಸಿರು ಹಾದಿ ಸುಮಾರು 80 ಕಿಲೋಮೀಟರ್ ಉದ್ದವಿದೆ. ಹ್ಯಾರಿಯೆಟ್ ಸರೋವರದ ಸುತ್ತ ನಡೆಯುವವರ ದಾರಿ ಬೇರೆ, ಸೈಕಲ್ ದಾರಿ ಬೇರೆ ಇರುವುದನ್ನು ನೀವು ಗಮನಿಸಿರಬಹುದು. ಎಪ್ಪತ್ತರ ವಯಸ್ಸಿನವರು ಹಿಂದಿನಿಂದ ಸೈಕಲ್ ಬಂದೀತೆಂಬ ಅಳುಕಿಲ್ಲದೆ ನಡೆಯಲು ಸಾಧ್ಯವಾಗುವುದು ಇಂಥ ಸಣ್ಣ ಏರ್ಪಾಡುಗಳಿಂದ. ಹಳೆಯ ರೈಲು ಹಾದಿಯನ್ನೇ ಮಿಡ್‌ಟೌನ್ ಗ್ರೀನ್‌ವೇ ಎಂಬ ಸುಮಾರು 9 ಕಿಲೋಮೀಟರಿನ ಸೈಕಲ್ ಮಾರ್ಗವಾಗಿ ಮಾಡಿದ್ದಾರೆ; ಹಿಮ ಬಿದ್ದರೆ ಅಲ್ಲಿಯೂ ಯಂತ್ರ ಓಡಿಸಿ ದಾರಿ ಬಿಡಿಸುತ್ತಾರೆ.

ಒಕ್ಲಹೋಮ ಸಿಟಿ ಬೆಳೆದದ್ದು ಕಾರಿನ ಲೆಕ್ಕದಲ್ಲಿ. ಸುಮಾರು 1,600 ಚದರ ಕಿಲೋಮೀಟರ್ ಹರಡಿರುವ ಆ ನಗರದಲ್ಲಿ 2020ರ ಜನಗಣತಿಯಂತೆ ಏಳು ಲಕ್ಷಕ್ಕಿಂತ ತುಸು ಕಡಿಮೆ ಜನರಿದ್ದರು. ಅಷ್ಟು ವಿರಳವಾಗಿ ಜನರಿರುವಲ್ಲಿ ಬಸ್ಸು ಓಡಿಸಿದರೆ ತುಂಬುವುದಿಲ್ಲ, ಅಂಗಡಿ ಕಾಲ್ನಡಿಗೆಯ ದೂರದಲ್ಲಿರುವುದಿಲ್ಲ. ಆದರೆ ಆ ಊರಿನ ಬಗ್ಗೆ ನನಗೆ ಗೌರವವಿದೆ. ಅಲ್ಲಿನ ಮೇಯರ್ ಮಿಕ್ ಕಾರ್ನೆಟ್ ತಮಗೇ ಬೊಜ್ಜಿದೆಯೆಂದು ಅರಿತು, 2007ರ ಕೊನೆಯ ದಿನ ಮೃಗಾಲಯದ ಆನೆಗಳ ಮುಂದೆ ನಿಂತು, ಊರಿನ ಜನರೆಲ್ಲ ಸೇರಿ ಹತ್ತು ಲಕ್ಷ ಪೌಂಡ್, ಎಂದರೆ ಸುಮಾರು ನಾಲ್ಕೂವರೆ ಲಕ್ಷ ಕಿಲೋ ತೂಕ ಇಳಿಸೋಣ ಎಂದು ಕರೆಕೊಟ್ಟರು. 2012ರ ಜನವರಿಯಲ್ಲಿ, ಹೆಸರು ನೋಂದಾಯಿಸಿದವರ ಲೆಕ್ಕ ಆ ಗುರಿ ಮುಟ್ಟಿತು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅವರು ಅಷ್ಟಕ್ಕೇ ನಿಲ್ಲಿಸದಿದ್ದುದು. ಕಾರಿಗಾಗಿ ಕಟ್ಟಿದ ಊರನ್ನು ಮನುಷ್ಯರಿಗಾಗಿ ತಿದ್ದಬೇಕೆಂದು ಅವರು ಬಹಿರಂಗವಾಗಿ ಹೇಳಿದರು. 2009ರ ಡಿಸೆಂಬರ್‌ನಲ್ಲಿ ಮತದಾರರು ತಮ್ಮ ಖರೀದಿಯ ಪ್ರತಿ ಡಾಲರಿನ ಮೇಲೆ ಒಂದು ಸೆಂಟ್ ತೆರಿಗೆ ಕೊಡಲು ಒಪ್ಪಿದರು. ಆ 77.7 ಕೋಟಿ ಡಾಲರಿನ ಯೋಜನೆಯಿಂದ ಫುಟ್‌ಪಾತ್‌ಗಳು, ಹಿರಿಯರ ಆರೋಗ್ಯ ಕೇಂದ್ರಗಳು, ಟ್ರ್ಯಾಮು, 70 ಎಕರೆಯ ಉದ್ಯಾನ ಬಂದವು. ಪಟ್ಟಿಯಲ್ಲಿ ಊರು ಇನ್ನೂ ಮೇಲೆ ಬಂದಿಲ್ಲ. ಮಿನಿಯಾಪೊಲಿಸ್ ನೂರನಲವತ್ತು ವರ್ಷದಿಂದ ಮಾಡಿಕೊಂಡು ಬಂದದ್ದನ್ನು ಇವರು ಹದಿನೈದಿಪ್ಪತ್ತು ವರ್ಷದಲ್ಲಿ ಮಾಡಿ ಮುಗಿಸಲಿ ಎಂದು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ನೀವು ಕೇಳದ ಒಂದು ಕಾರಣವನ್ನೂ ಇಲ್ಲಿ ಹೇಳದಿದ್ದರೆ ಉತ್ತರ ಅಪೂರ್ಣವಾಗುತ್ತದೆ, ಅದು ವರ್ಣಭೇದ. ಕರಿಯರು ಯಾವ ಬೀದಿಯಲ್ಲಿ ವಾಸಿಸಬಾರದು ಎಂದು ಬಾಲ್ಟಿಮೋರ್ 1910ರಲ್ಲೇ ನಗರ ಕಾನೂನು ಮಾಡಿತ್ತು. ಅಂಥ ಕಾನೂನುಗಳು ಸಲ್ಲವೆಂದು ಸುಪ್ರೀಂ ಕೋರ್ಟು 1917ರಲ್ಲಿ ಹೇಳಿತು. ಆದರೂ 1930ರ ದಶಕದಲ್ಲಿ ಸರ್ಕಾರಿ ಗೃಹಸಾಲ ಸಂಸ್ಥೆಯೊಂದು ನಗರಗಳ ನಕ್ಷೆಗಳಲ್ಲಿ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಬಳಿಯಿತು. ಕರಿಯರು ಇದ್ದ ಬಡಾವಣೆಗಳು ಸಾಮಾನ್ಯವಾಗಿ ಕೆಂಪಾದವು. ಕೆಂಪು ಬಿದ್ದಲ್ಲಿ ಸಾಲ ಹುಟ್ಟಲಿಲ್ಲ, ಮನೆಗಳು ದುರಸ್ತಿಯಾಗಲಿಲ್ಲ, ಗೋಡೆಗಳ ಹಳೆಯ ಸೀಸದ ಬಣ್ಣ ಪುಡಿಯಾಗಿ ಮಕ್ಕಳ ಬಾಯಿ ಸೇರಿತು. 108 ನಗರಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅಂದು ಕೆಂಪು ಬಳಿದ ಬಡಾವಣೆಗಳು ಇಂದು ಹಸಿರು ಬಡಾವಣೆಗಳಿಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿವೆ ಎಂದು ತೋರಿಸಿತು. ಅಲ್ಲಿ ಮರ ಕಡಿಮೆ, ಕಾಂಕ್ರೀಟು ಹೆಚ್ಚು. ಮಿನಿಯಾಪೊಲಿಸ್‌ಗೂ ಈ ಕಲೆ ತಟ್ಟದೆ ಬಿಟ್ಟಿಲ್ಲ: ಕರಿಯರಿಗೆ ಮಾರಕೂಡದೆಂಬ ಷರತ್ತನ್ನು ಮನೆಯ ಕ್ರಯಪತ್ರದಲ್ಲೇ ಬರೆಯುವ ರೂಢಿ ಅಲ್ಲಿಯೂ ಇತ್ತು.

ಪ್ರಶ್ನೆ: ಆರ್ಲಿಂಗ್ಟನ್ ಅಮೆರಿಕದಲ್ಲೇ ಅತಿ ಆರೋಗ್ಯವಂತ ನಗರ ಎಂದು ಓದಿ, ಅಲ್ಲಿರುವ ಮಗನಿಗೆ ಸಂತೋಷದಿಂದ ಫೋನ್ ಮಾಡಿದೆ. ಅವನು ನಕ್ಕು, ‘ಅಪ್ಪಾ, ಅದು ನಮ್ಮ ಆರ್ಲಿಂಗ್ಟನ್ ಅಲ್ಲ’ ಎಂದ. ಇಂಥ ಪಟ್ಟಿಗಳನ್ನು ಎಷ್ಟು ನಂಬಬಹುದು?
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಮಗ ಟೆಕ್ಸಾಸಿನ ಆರ್ಲಿಂಗ್ಟನ್‌ನಲ್ಲಿರಬೇಕು. ಮೇಲೆ ಹೇಳಿದ ಪಟ್ಟಿಯಲ್ಲಿ ವರ್ಷ ವರ್ಷವೂ ಮೊದಲ ಸ್ಥಾನ ಪಡೆದದ್ದು ವರ್ಜೀನಿಯಾದ ಆರ್ಲಿಂಗ್ಟನ್, ರಾಜಧಾನಿ ವಾಷಿಂಗ್ಟನ್‌ನಿಂದ ನದಿಯಾಚೆಗಿನ ಊರು. 1970ರ ದಶಕದಲ್ಲಿ ಅಲ್ಲಿಗೆ ಮೆಟ್ರೊ ರೈಲು ಬರುವಾಗ, ಹೆದ್ದಾರಿಯ ನಡುವೆ ಹಳಿ ಹಾಕಿದರೆ ಖರ್ಚು ಉಳಿಯುತ್ತಿತ್ತು. ಊರಿನವರು ಅದನ್ನು ಒಪ್ಪದೆ, ಸೊರಗುತ್ತಿದ್ದ ಹಳೆಯ ಅಂಗಡಿ ಬೀದಿಯ ನೆಲದಡಿಯಲ್ಲೇ ಸುರಂಗ ಬೇಕೆಂದು ಹಟ ಹಿಡಿದು ಸಾಧಿಸಿದರು. ರಾಸ್ಲಿನ್‌ನಿಂದ ಬಾಲ್‌ಸ್ಟನ್‌ವರೆಗಿನ ಐದು ನಿಲ್ದಾಣಗಳ ಸುತ್ತ ಎತ್ತರದ ಕಟ್ಟಡ, ಅಂಗಡಿ, ಕಚೇರಿಗಳು ಬೆಳೆದವು. ನಿಲ್ದಾಣದಿಂದ ದೂರ ಹೋದಂತೆ ಹಳೆಯ ತಗ್ಗಿನ ಮನೆಗಳು ಉಳಿದವು. ಬಸ್ಸು, ರೈಲಿನಲ್ಲಿ ಓಡಾಡುವ ಅಮೆರಿಕನ್ನರು ನಿಲ್ದಾಣಕ್ಕೆ ಹೋಗಿಬರುವುದರಲ್ಲೇ ದಿನಕ್ಕೆ ಸುಮಾರು 19 ನಿಮಿಷ ನಡೆಯುತ್ತಾರೆಂದು 2005ರ ಅಧ್ಯಯನವೊಂದು ಲೆಕ್ಕ ಹಾಕಿದೆ. ವ್ಯಾಯಾಮ ಎಂದು ಹೆಸರಿಡದೆಯೇ ಆಗಿಹೋಗುವ ವ್ಯಾಯಾಮ ಅದು. ಟೆಕ್ಸಾಸಿನ ಆರ್ಲಿಂಗ್ಟನ್‌ನಲ್ಲಾದರೋ ಸಾರ್ವಜನಿಕ ಸಾರಿಗೆಗೆ ತೆರಿಗೆ ಕೊಡುವ ಪ್ರಸ್ತಾಪವನ್ನು ಮತದಾರರು ಒಂದಕ್ಕಿಂತ ಹೆಚ್ಚು ಬಾರಿ ತಳ್ಳಿಹಾಕಿದ್ದಾರೆ.

ಆದರೂ ಪಟ್ಟಿಯನ್ನು ಎಚ್ಚರದಿಂದ ಓದಬೇಕು. ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ವಯಸ್ಕರಲ್ಲಿ ಸುಮಾರು ಮುಕ್ಕಾಲು ಪಾಲು ಪದವೀಧರರು, ಆದಾಯವೂ ದೊಡ್ಡದು, ಮನೆ ಬಾಡಿಗೆಯೂ ದೊಡ್ಡದು. ಮೊದಲೇ ಆರೋಗ್ಯವಾಗಿರುವವರು ಅಲ್ಲಿಗೆ ಬಂದು ನೆಲೆಸುತ್ತಾರೆ, ಬಾಡಿಗೆ ಕಟ್ಟಲಾಗದವರು ಬೇರೆ ಊರಿನ ಲೆಕ್ಕಕ್ಕೆ ಸೇರುತ್ತಾರೆ. ಮೊದಲ ಸ್ಥಾನದಲ್ಲಿ ಊರಿನ ಪಾಲೆಷ್ಟು, ನಿವಾಸಿಗಳ ಸಂಬಳದ ಪಾಲೆಷ್ಟು ಎಂಬುದನ್ನು ಪಟ್ಟಿ ಬಿಡಿಸಿ ಹೇಳುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಮನೆ ಕೊಳ್ಳಲಿರುವ ಮಗಳಿಗೆ ಆರೋಗ್ಯದ ದೃಷ್ಟಿಯಿಂದ ಏನು ನೋಡಲು ಹೇಳಲಿ?
— ಗೃಹಿಣಿ, ಶಿವಮೊಗ್ಗ

ಉತ್ತರ: ಮನೆ ನೋಡಲು ಹೋದ ದಿನ ಕಾರನ್ನು ಅಲ್ಲೇ ನಿಲ್ಲಿಸಿ, ಒಂದು ಲೀಟರ್ ಹಾಲು ತರಲು ನಡೆದು ಹೋಗಿ ಬರಲು ಹೇಳಿ. ಮಗುವಿನ ತಳ್ಳುಗಾಡಿಯೊಂದಿಗೆ ಆ ದಾರಿಯಲ್ಲಿ ಹೋಗಬಹುದೇ ಎಂದು ನೋಡಲಿ. ಸೀಸದ ಬಣ್ಣವನ್ನು ಅಮೆರಿಕ ದೇಶದಾದ್ಯಂತ ನಿಷೇಧಿಸಿದ್ದು 1978ರಲ್ಲಿ, ಹೊಸ ಸೀಸದ ನೀರಿನ ಕೊಳವೆಗಳನ್ನು ತಡೆದದ್ದು 1986ರಲ್ಲಿ. ಅದಕ್ಕಿಂತ ಹಳೆಯ ಮನೆಯಾದರೆ, ಮುಖ್ಯವಾಗಿ ಚಿಕ್ಕ ಮಕ್ಕಳಿದ್ದರೆ, ಗೋಡೆ ಮತ್ತು ನೀರು ಎರಡನ್ನೂ ಪರೀಕ್ಷೆ ಮಾಡಿಸದೆ ಕೊಳ್ಳಬಾರದು. ಹೆದ್ದಾರಿಗೆ ಅಂಟಿಕೊಂಡ ಮನೆ ಅಗ್ಗಕ್ಕೆ ಸಿಕ್ಕರೂ ಬೇಡ. ಊರು ಎಷ್ಟೇ ಒಳ್ಳೆಯದಿರಲಿ, ನಮ್ಮ ಕಡೆಯ ಜನರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ. ಈ ಕಾರಣಕ್ಕೇ ಅಮೆರಿಕದ ಮಧುಮೇಹ ಸಂಘ ಏಷ್ಯಾ ಮೂಲದವರಿಗೆ ಪರೀಕ್ಷೆ ಮಾಡಿಸುವ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸಂಖ್ಯೆ) ಮಿತಿಯನ್ನು 2015ರಲ್ಲಿ 25ರಿಂದ 23ಕ್ಕೆ ಇಳಿಸಿತು. ಅಲ್ಲಿನ ವೈದ್ಯರು ತಾವಾಗಿ ಹೇಳದಿದ್ದರೂ ಮಗಳೂ ಅಳಿಯನೂ ಕೇಳಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ.